ಮೊದಲು ತೂಬು ನೋಡು

ಪುಟ್ಟಿ,

ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ನೀನು ಫೋನ್ ಮಾಡಿ, "ಚಿಕ್ಕಪ್ಪಾ, ಬೋರ್ಡು ಚೆನ್ನಾಗೇ ಬೂಟ್ ಆಗತ್ತೆ, ಲಾಗಿನ್ ಬರತ್ತೆ, ಅರ್ಧ ನಿಮಿಷ ಆಗೋಷ್ಟರಲ್ಲಿ ಮೆಮೊರಿ ಕಾರ್ಡು ಸತ್ತುಹೋಗತ್ತೆ. ಕಾರ್ಡು ಬದಲಾಯಿಸಿದೆ, ಸ್ಲಾಟು ಬದಲಾಯಿಸಿದೆ, ಕೊನೆಗೆ ಬೋರ್ಡೇ ಬದಲಾಯಿಸಿದೆ" ಅಂದೆಯಲ್ಲ, ನನಗೆ ನಗು ತಡೆಯಲಾಗಲಿಲ್ಲ. ನಿನ್ನ ಕಷ್ಟ ನೋಡಿ ನಕ್ಕೆ ಅಂದುಕೊಳ್ಳಬೇಡ. ಆ 'ಅರ್ಧ ನಿಮಿಷ' ಅನ್ನುವ ಮಾತು ಕೇಳಿದಾಗಲೇ ಕಳ್ಳ ಸಿಕ್ಕಿಬಿದ್ದಿದ್ದ.

ಸೇರಿಸಬೇಕಾದ ಸಾಲು ಒಂದೇ ಒಂದು. ಫೋನಿನಲ್ಲೇ ಹೇಳಿಬಿಡಬಹುದಿತ್ತು, ಹೇಳಲಿಲ್ಲ. ಹೇಳಿದ್ದರೆ ಈ ಬೋರ್ಡು ನಡೆಯುತ್ತಿತ್ತು, ಮುಂದಿನ ಬೋರ್ಡಿನಲ್ಲಿ ನೀನು ಇನ್ನೊಂದು ಕಡೆ ಮುಗ್ಗರಿಸುತ್ತಿದ್ದೆ. ಮೆಮೊರಿ ಕಾರ್ಡಿನ ಸ್ಲಾಟಿಗೆ ಕರೆಂಟು ಕೊಡುವ ಕೆಲಸ ನೋಡೋಕೆ ಸಣ್ಣದು, ತಪ್ಪಿದರೆ ಪೇಚಾಟ ದೊಡ್ಡದು. ಅದಕ್ಕೇ ಬೆಳಗಿನ ಕಾಫಿ ಮುಗಿಸಿ ಬರೆಯಲು ಕೂತೆ. ನಿಧಾನವಾಗಿ ಓದು.

ನಮ್ಮೂರ ಕೆರೆಯ ತೂಬಿನ ಮೇಲೆ ನೀನು ಕಾಲು ಇಳಿಬಿಟ್ಟು ಕೂರುತ್ತಿದ್ದದ್ದು ನೆನಪಿದೆಯಾ? ಆ ತೂಬಿಗೊಬ್ಬ ನೀರುಗಂಟಿ ಇದ್ದ. ಕೆರೆಯಲ್ಲಿ ನೀರು ಎಷ್ಟೇ ಇರಲಿ, ಯಾರ ಗದ್ದೆಗೆ ಯಾವಾಗ ಬಿಡಬೇಕು, ಎಷ್ಟು ಬಿಡಬೇಕು, ಯಾವಾಗ ಕಟ್ಟಬೇಕು ಅನ್ನುವುದೆಲ್ಲ ಅವನ ಕೈಯಲ್ಲಿ. ಬೋರ್ಡಿನ ಮೇಲಿನ ರೆಗ್ಯುಲೇಟರ್ ಚಿಪ್ಪು ತೂಬು ಇದ್ದಹಾಗೆ. ಹೊರಗಿನಿಂದ ಬರುವ 5 ವೋಲ್ಟನ್ನೋ 12 ವೋಲ್ಟನ್ನೋ ಹದಮಾಡಿ ಒಂದೊಂದು ಚಿಪ್ಪಿಗೂ ಬೇಕಾದಷ್ಟೇ ಬಿಡುತ್ತದೆ. ಲಿನಕ್ಸ್ ಕರ್ನಲ್ಲಿನೊಳಗೆ ಈ ತೂಬುಗಳನ್ನು ನೋಡಿಕೊಳ್ಳುವ ನೀರುಗಂಟಿಯೂ ಇದ್ದಾನೆ, 2008ರ 2.6.27ನೇ ಆವೃತ್ತಿಯಲ್ಲಿ ಸೇರಿದ ರೆಗ್ಯುಲೇಟರ್ ಫ್ರೇಮ್‌ವರ್ಕ್ ಅದು. ಡ್ರೈವರ್ ಬಂದು "ನನಗೆ ನೀರು ಬೇಕು" ಅಂದರೆ ತೂಬು ಎತ್ತುತ್ತಾನೆ, "ಸಾಕು" ಅಂದರೆ ಇಳಿಸುತ್ತಾನೆ. ಯಾರೂ ಕೇಳದ ತೂಬು ತೆರೆದಿದ್ದರೆ, ನೀರು ಪೋಲಾಗುತ್ತಿದೆ ಅಂತ ತಾನೇ ಕಟ್ಟಿಬಿಡುತ್ತಾನೆ. ಈ ಕೊನೆಯ ಮಾತನ್ನು ತಲೆಯಲ್ಲಿಟ್ಟುಕೊ, ಆಮೇಲೆ ಬೇಕಾಗುತ್ತದೆ.

ಆದರೆ ಯಾವ ತೂಬು ಯಾರ ಗದ್ದೆಗೆ ಅನ್ನುವುದು ನೀರುಗಂಟಿಗೆ ಹುಟ್ಟಿನಿಂದ ಬರುವುದಿಲ್ಲ. ಯಾರಾದರೂ ಬರೆದುಕೊಡಬೇಕು. ಆ ಕಾಗದವೇ ಡಿವೈಸ್ ಟ್ರೀ. ನಾನು ಅದನ್ನು ಬೋರ್ಡಿನ ಪಹಣಿ ಅನ್ನುತ್ತೇನೆ. ಯಾವ ಸರ್ವೆ ನಂಬರು, ಯಾರ ಹೆಸರು, ನೀರಿನ ಮೂಲ ಯಾವುದು, ಎಲ್ಲ ಅದರಲ್ಲಿರುತ್ತದೆ. ಪಹಣಿಯಲ್ಲಿ ಭತ್ತ ಅಂತ ಬರೆದ ಮಾತ್ರಕ್ಕೆ ಹೊಲದಲ್ಲಿ ಭತ್ತ ಬೆಳೆಯುವುದಿಲ್ಲ. ಹೊಲದಲ್ಲಿ ಏನಿದೆಯೋ ಅದನ್ನೇ ಪಹಣಿಯಲ್ಲಿ ಬರೆಯಬೇಕು. ನಿನಗೆ ಹೇಳಬೇಕಾದ ಮಾತೂ ಇಷ್ಟೇ. ಇನ್ನು ಹೇಳುವುದೆಲ್ಲ ಅದರ ವಿವರ.

ಮೊದಲು ಕಾರ್ಡಿನ ಕಡೆಯಿಂದ ನೋಡೋಣ. ಅದಕ್ಕೆ ಸಂಬಂಧಿಸಿದ ಸಪ್ಲೈ ಎರಡು. ಒಂದು ಊಟದ್ದು, ಇನ್ನೊಂದು ಮಾತಿನದು. ಊಟದ್ದು ಕಾರ್ಡಿನೊಳಗಿನ ಫ್ಲ್ಯಾಶ್ ಮತ್ತು ಕಂಟ್ರೋಲರ್ ಬದುಕುವ ವಿದ್ಯುತ್ತು. ಮೈಕ್ರೊ ಎಸ್‌ಡಿ ಕಾರ್ಡಿನ ಎಂಟು ಪಿನ್ನುಗಳಲ್ಲಿ ನಾಲ್ಕನೆಯದರಿಂದ ಒಳಕ್ಕೆ ಹೋಗುತ್ತದೆ. ಅದು 2.7ರಿಂದ 3.6 ವೋಲ್ಟಿನ ನಡುವೆ ಇರಬೇಕು, ನಾವು ಸಾಮಾನ್ಯವಾಗಿ 3.3 ಕೊಡುತ್ತೇವೆ. ಲಿನಕ್ಸಿನಲ್ಲಿ ಇದರ ಹೆಸರು ವಿಎಂಎಂಸಿ. ಮಾತಿನದು ಪ್ರೊಸೆಸರ್ ಕಡೆಯ ಪಿನ್ನುಗಳಿಗೆ ಕೊಡುವ ವೋಲ್ಟೇಜು. ಕ್ಲಾಕು, ಕಮಾಂಡು, ನಾಲ್ಕು ಡೇಟಾ ತಂತಿಗಳ ಮೇಲೆ ಇಬ್ಬರೂ ಯಾವ ಮಟ್ಟದಲ್ಲಿ ಮಾತಾಡಬೇಕು ಅನ್ನುವುದನ್ನು ಅದು ಹೇಳುತ್ತದೆ. ಇದರ ಹೆಸರು ವಿಕ್ಯೂಎಂಎಂಸಿ.

ಪರಿಚಯ ಆಗುವಾಗ ಇಬ್ಬರೂ 3.3 ವೋಲ್ಟಿನಲ್ಲೇ, 400 ಕಿಲೋಹರ್ಟ್ಜ್ ಮೀರದ ನಿಧಾನದ ಕ್ಲಾಕಿನಲ್ಲಿ ಮಾತಾಡುತ್ತಾರೆ. ಪರಿಚಯ ಮುಗಿದ ಮೇಲೆ, 3.3ರಲ್ಲೇ ಉಳಿದರೆ 50 ಮೆಗಾಹರ್ಟ್ಜ್ ತನಕ ಹೋಗಬಹುದು, ಸೆಕೆಂಡಿಗೆ 25 ಮೆಗಾಬೈಟು. ಅದಕ್ಕಿಂತ ಜೋರಾಗಿ ಓಡಬೇಕಾದರೆ ದನಿ ತಗ್ಗಿಸಬೇಕು. 2010ರ ಹೊತ್ತಿಗೆ ಬಂದ ಯುಎಚ್‌ಎಸ್-1 ವೇಗಗಳಿಗೆಲ್ಲ ಮಾತು 1.8 ವೋಲ್ಟಿಗೆ ಇಳಿಯಬೇಕು. ಅದರಲ್ಲಿ ಎಸ್‌ಡಿಆರ್104 ಅನ್ನುವುದು 208 ಮೆಗಾಹರ್ಟ್ಜ್‌ನಲ್ಲಿ ಸೆಕೆಂಡಿಗೆ 104 ಮೆಗಾಬೈಟು ಸಾಗಿಸುತ್ತದೆ.

ಹೊಸಬರು ಎಡವುವುದು ಇಲ್ಲೇ ಕಣಮ್ಮ. 1.8ಕ್ಕೆ ಇಳಿಯುವುದು ಮಾತು ಮಾತ್ರ. ಊಟ ಆಗಲೂ 3.3ರಲ್ಲೇ ಇರಬೇಕು. ತನಗೆ ಬೇಕಾದ 1.8 ವೋಲ್ಟನ್ನು ಕಾರ್ಡು ತನ್ನೊಳಗೇ 3.3ರಿಂದ ಮಾಡಿಕೊಳ್ಳುತ್ತದೆ. "ವೇಗಕ್ಕೆ 1.8 ಬೇಕಂತೆ" ಅಂತ ವಿಎಂಎಂಸಿಯನ್ನೇ 1.8 ಮಾಡಿ, ಕಾರ್ಡು ಯಾಕೆ ಮಾತಾಡುತ್ತಿಲ್ಲ ಅಂತ ಮೂರು ದಿನ ಹುಡುಕಿದವರನ್ನು ನಾನು ಬಲ್ಲೆ. ಹಸಿದವನಿಂದ ಮಾತು ಹೇಗೆ ಹೊರಡೀತು?

ಇನ್ನು ಬೋರ್ಡಿನ ಕಡೆಗೆ ಬಾ. ಬೇರೆ ಬೋರ್ಡಿನ ಫೈಲು ತಂದು ಅಂಟಿಸುವ ಮೊದಲು ಸ್ಕೀಮ್ಯಾಟಿಕ್ ತೆರೆ. ಸ್ಲಾಟಿನ ನಾಲ್ಕನೇ ಪಿನ್ನಿನ ಮೇಲೆ ಬೆರಳಿಟ್ಟು ಹಿಂದಕ್ಕೆ ನಡಿ. ಆ ತಂತಿ ಎಲ್ಲಿಂದ ಬರುತ್ತಿದೆ? ನನ್ನ ಅನುಭವದಲ್ಲಿ ಮೂರು ಬಗೆಯ ತೂಬು ಸಿಗುತ್ತವೆ.

ಮೊದಲನೆಯದು ಬಾಗಿಲೇ ಇಲ್ಲದ ತೂಬು. ಬೋರ್ಡಿನ 3.3 ವೋಲ್ಟಿನ ಮುಖ್ಯ ಗೆರೆಯಿಂದ ತಂತಿ ನೇರ ಬಂದು ಕಾರ್ಡಿಗೆ ಸೇರಿರುತ್ತದೆ. ಆರಿಸುವ ದಾರಿಯೇ ಇಲ್ಲ. ಇದಕ್ಕೆ 'ರೆಗ್ಯುಲೇಟರ್-ಫಿಕ್ಸೆಡ್' ಅಂತ ಒಂದು ನೋಡ್ ಬರೆದು, ಕನಿಷ್ಠ ಗರಿಷ್ಠ ಎರಡನ್ನೂ 3300000 ಮೈಕ್ರೊವೋಲ್ಟ್ ಅಂತ ಹಾಕಿ, ಜಿಪಿಐಒ ಕೊಡದೆ ಬಿಟ್ಟರೆ ಸರಿ. ಸೊನ್ನೆ ಎಣಿಸು, ಐದಿರಬೇಕು. ಒಂದು ತಪ್ಪಿದರೆ 0.33 ವೋಲ್ಟ್ ಆಗುತ್ತದೆ, ಆ ವೋಲ್ಟೇಜಿಗೆ ಯಾವ ಕಾರ್ಡೂ ಬದುಕುವುದಿಲ್ಲ ಅಂತ ಕರ್ನಲ್ಲಿಗೂ ಗೊತ್ತು.

ಎರಡನೆಯದು ಬಾಗಿಲಿರುವ ತೂಬು. 3.3 ವೋಲ್ಟು ಮತ್ತು ಕಾರ್ಡಿನ ನಡುವೆ ಒಂದು ಪುಟ್ಟ ಲೋಡ್ ಸ್ವಿಚ್ಚು ಅಥವಾ ಮಾಸ್‌ಫೆಟ್ಟು ಇರುತ್ತದೆ, ಅದನ್ನು ಪ್ರೊಸೆಸರಿನ ಒಂದು ಜಿಪಿಐಒ ಪಿನ್ನು ಎಳೆಯುತ್ತದೆ. ಇಲ್ಲೂ 'ರೆಗ್ಯುಲೇಟರ್-ಫಿಕ್ಸೆಡ್' ಸಾಕು, ಜೊತೆಗೆ ಯಾವ ಜಿಪಿಐಒ ಅಂತ ಹೇಳಬೇಕು. ಪಿನ್ನು ಮೇಲೇರಿದಾಗ ಸ್ವಿಚ್ಚು ತೆರೆಯುವುದಾದರೆ 'ಎನೇಬಲ್-ಆಕ್ಟಿವ್-ಹೈ' ಅನ್ನುವ ಪದವನ್ನು ಬೇರೆಯಾಗಿಯೇ ಬರೆಯಬೇಕು. ಇದೊಂದು ಹಳೆಯ ಗುಂಡಿ. ಜಿಪಿಐಒ ಬರೆದ ಸಾಲಿನಲ್ಲೇ 'ಆಕ್ಟಿವ್ ಹೈ' ಅಂತ ಹಾಕಿದ್ದೀನಲ್ಲ ಅಂತ ನೀನು ನೆಮ್ಮದಿಯಾಗಿರುತ್ತೀಯ. ಆದರೆ ಫಿಕ್ಸೆಡ್ ರೆಗ್ಯುಲೇಟರಿನ ಮಟ್ಟಿಗೆ ಕರ್ನಲ್ ಆ ಮಾತು ಕೇಳುವುದೇ ಇಲ್ಲ. ಪ್ರತ್ಯೇಕ ಪದ ಇಲ್ಲದಿದ್ದರೆ ಆಕ್ಟಿವ್ ಲೋ ಅಂತಲೇ ಹಿಡಿಯುತ್ತದೆ. ಆಗ ಕರ್ನಲ್ ತೂಬು ಎತ್ತಿದೆ ಅಂದಾಗ ಇಳಿದಿರುತ್ತದೆ, ಇಳಿಸಿದೆ ಅಂದಾಗ ಎತ್ತಿರುತ್ತದೆ. ಬೂಟ್‌ಲೋಡರಿಗೆ ಕಂಡ ಕಾರ್ಡು ಕರ್ನಲ್ಲಿಗೆ ಕಾಣದಿದ್ದರೆ ಮೊದಲು ಇದನ್ನೇ ನೋಡು.

ಮೂರನೆಯದು ಪಿಎಂಐಸಿ, ಅಂದರೆ ಬೋರ್ಡಿನ ಪವರ್ ನೋಡಿಕೊಳ್ಳುವ ಚಿಪ್ಪು, ಅದರೊಳಗಿನ ಎಲ್‌ಡಿಒ ಅನ್ನುವ ರೆಗ್ಯುಲೇಟರ್. ಇದು ಬರೀ ಬಾಗಿಲಲ್ಲ, ಎತ್ತರ ಬದಲಿಸಬಲ್ಲ ಬಾಗಿಲು. ಮೊದಲ ಎರಡು ಬಗೆಯಲ್ಲಿ ನೀನು ವೋಲ್ಟೇಜು ತಪ್ಪು ಬರೆದರೂ ತಂತಿಯಲ್ಲಿ ಹರಿಯುವುದು ಬದಲಾಗುವುದಿಲ್ಲ, ಪಹಣಿ ಮಾತ್ರ ಸುಳ್ಳಾಗುತ್ತದೆ. ಇಲ್ಲಿ ಹಾಗಲ್ಲ. ಬರೆದ ಅಂಕಿ ಐ2ಸಿ ತಂತಿಯ ಮೇಲೆ ಸಾಗಿ ಚಿಪ್ಪಿನೊಳಗೆ ನಿಜವಾದ ವೋಲ್ಟೇಜಾಗಿ ಕೂರುತ್ತದೆ.

ಇದು ಎಷ್ಟು ಅಪಾಯದ್ದು ಅನ್ನುವುದಕ್ಕೆ ಎಲ್ಲರೂ ಬಲ್ಲ ಒಂದು ನಿದರ್ಶನವಿದೆ. ಬೀಗಲ್‌ಬೋನ್ ಅನ್ನುವ ಬಿಳಿ ಬೋರ್ಡು, 2013ರಲ್ಲಿ ಅದರ ಬೆನ್ನಿಗೇ ಬಂದ ಬೀಗಲ್‌ಬೋನ್ ಬ್ಲ್ಯಾಕ್, ಎರಡೂ ಒಂದೇ ವಂಶದ ಪ್ರೊಸೆಸರಿನವು, ನೋಡೋಕೆ ಅಣ್ಣತಮ್ಮಂದಿರು. ಬಿಳಿಯದರಲ್ಲಿ ಮೆಮೊರಿ ಕಾರ್ಡಿಗೆ ಊಟ ಹೋಗುವುದು ಪಿಎಂಐಸಿಯ ಮೂರನೇ ಎಲ್‌ಡಿಒದಿಂದ, 3.3 ವೋಲ್ಟಿನಲ್ಲಿ. ಕಪ್ಪು ಬೋರ್ಡಿನಲ್ಲಿ ಕಾರ್ಡಿಗೆ ಬೇರೆ 3.3 ವೋಲ್ಟಿನ ಗೆರೆ ಇದೆ. ಅದೇ ಮೂರನೇ ಎಲ್‌ಡಿಒ 1.8 ವೋಲ್ಟಿನಲ್ಲಿ ಬೇರೆ ಸಂಸಾರ ಸಾಕುತ್ತದೆ. ಈಗ ಅಣ್ಣನ ಪಹಣಿಯನ್ನು ತಮ್ಮನ ಹೊಲಕ್ಕೆ ಹಚ್ಚಿದರೆ ಏನಾಗುತ್ತದೆ ಹೇಳು? ಕಾರ್ಡಿಗೆ ಅಂತ ಕರ್ನಲ್ ಆ ಎಲ್‌ಡಿಒವನ್ನು 3.3ಕ್ಕೆ ಏರಿಸುತ್ತದೆ, 1.8ಕ್ಕೆ ಮಾತ್ರ ಹುಟ್ಟಿದ ಎಚ್‌ಡಿಎಂಐ ಚಿಪ್ಪಿಗೂ ಪ್ರೊಸೆಸರಿಗೂ ಕುತ್ತು ಬರುತ್ತದೆ. ಅದಕ್ಕೇ ಕರ್ನಲ್ಲಿನಲ್ಲಿ ಎರಡಕ್ಕೂ ಸಾಮಾನ್ಯವಾದದ್ದನ್ನು ಒಂದು ಫೈಲಿಗೆ ಇಟ್ಟು, ಈ ಎಲ್‌ಡಿಒದ ವೋಲ್ಟೇಜನ್ನೂ ಕಾರ್ಡಿಗೆ ಊಟ ಎಲ್ಲಿಂದ ಅನ್ನುವುದನ್ನೂ ಎರಡು ಬೇರೆ ಫೈಲುಗಳಲ್ಲಿ ಬರೆದರು. ಹೆಸರೊಂದೇ ಆದ ಮಾತ್ರಕ್ಕೆ ಹೊಲ ಒಂದೇ ಆಗುವುದಿಲ್ಲ. ಪಿಎಂಐಸಿಯ ಸಾಲು ಮುಟ್ಟುವಾಗ ಆ ಎಲ್‌ಡಿಒದ ತಂತಿ ಇನ್ನೂ ಎಲ್ಲೆಲ್ಲಿಗೆ ಹೋಗಿದೆ ಅಂತ ಪೂರ್ತಿ ನೋಡದೆ ಮುಂದಕ್ಕೆ ಹೋಗಬೇಡ.

ಈಗ ನಿನ್ನ ಅರ್ಧ ನಿಮಿಷಕ್ಕೆ ಬರೋಣ. ನೀನು ರೆಗ್ಯುಲೇಟರಿನ ನೋಡ್ ಸರಿಯಾಗಿ ಬರೆದಿದ್ದೀಯ, ಜಿಪಿಐಒ ಸರಿ, ಎನೇಬಲ್-ಆಕ್ಟಿವ್-ಹೈ ಸರಿ, 'ರೆಗ್ಯುಲೇಟರ್-ಬೂಟ್-ಆನ್' ಅಂತಲೂ ಹಾಕಿದ್ದೀಯ. ಬಿಟ್ಟದ್ದು ಏನು ಗೊತ್ತಾ? ಕಾರ್ಡಿನ ಕಂಟ್ರೋಲರ್ ನೋಡಿನಲ್ಲಿ 'ವಿಎಂಎಂಸಿ-ಸಪ್ಲೈ' ಅಂತ ಆ ರೆಗ್ಯುಲೇಟರಿನ ಕಡೆ ಬೆರಳು ತೋರಿಸುವ ಸಾಲು. ತೂಬು ಇದೆ ಅಂತ ಪಹಣಿ ಹೇಳುತ್ತದೆ, ತೆರೆದಿದೆ ಅಂತಲೂ ಹೇಳುತ್ತದೆ, ಇದು ಇಂಥವರ ಗದ್ದೆಗೆ ಅನ್ನುವುದನ್ನು ಎಲ್ಲೂ ಹೇಳುವುದಿಲ್ಲ. ಕಂಟ್ರೋಲರಿಗೆ ವಿಎಂಎಂಸಿ ಇರಲೇಬೇಕು ಅನ್ನುವ ಕಡ್ಡಾಯವಿಲ್ಲ, ಹಾಗಾಗಿ ಅದೂ ದೂರು ಹೇಳದೆ ಕೆಲಸ ಶುರುಮಾಡುತ್ತದೆ. ಇತ್ತ ಕರ್ನಲ್ ಬೂಟ್ ಆಗಿ, ತಡವಾಗಿ ಬರುವ ಡ್ರೈವರುಗಳಿಗೂ ಅವಕಾಶ ಇರಲಿ ಅಂತ 30 ಸೆಕೆಂಡು ಕಾಯುತ್ತದೆ. ಆಮೇಲೆ ಊರೆಲ್ಲ ಒಂದು ಸುತ್ತು ಹಾಕಿ, ಯಾರೂ ಕೇಳಿರದ ತೂಬುಗಳನ್ನು ಕಟ್ಟುತ್ತದೆ. ನಿನ್ನ ಕಾರ್ಡಿನ ತೂಬೂ ಅದರಲ್ಲಿ ಒಂದು. ಬೂಟ್ ಲಾಗಿನಲ್ಲಿ ಆ ರೆಗ್ಯುಲೇಟರಿನ ಹೆಸರಿನ ಮುಂದೆ 'ಡಿಸೇಬ್ಲಿಂಗ್' ಅಂತ ಒಂದು ಪದ ಇರುತ್ತದೆ, ಹುಡುಕಿ ನೋಡು. ಅದಾದ ಮರುಕ್ಷಣ ಎರರ್ -110, ಅಂದರೆ ಕಾದು ಕಾದು ಉತ್ತರ ಬರಲಿಲ್ಲ ಅನ್ನುವ ಗೋಳು.

'ಬೂಟ್-ಆನ್' ಅಂದರೆ ಸದಾ ಆನ್ ಅಂತ ನೀನು ತಿಳಿದಿದ್ದೆ. ಅಲ್ಲ. 'ನಾನು ಬರುವಷ್ಟರಲ್ಲಿ ತೂಬು ಎತ್ತಿತ್ತು' ಅನ್ನುವುದಷ್ಟೇ ಅದರ ಅರ್ಥ. ಎತ್ತಿಯೇ ಇರಲಿ ಅನ್ನುವುದಕ್ಕೆ 'ಆಲ್ವೇಸ್-ಆನ್' ಅನ್ನುವ ಬೇರೆ ಪದ ಇದೆ.

ನಿನ್ನ ಪಕ್ಕದ ಸೀಟಿನ ಹುಡುಗ ಆ ಪದವನ್ನೇ ಸೂಚಿಸಿದ ಅಂದೆಯಲ್ಲ, "ಆಲ್ವೇಸ್-ಆನ್ ಹಾಕಿಬಿಡು, ಮುಗೀತು" ಅಂತ. ಹಾಕಿದರೆ ಕಾರ್ಡು ನಿಜವಾಗಿಯೂ ಸಾಯುವುದಿಲ್ಲ. ಆದರೂ ಬೇಡ. ಬಾಗಿಲೇ ಇಲ್ಲದ ತೂಬಿಗೆ ಆ ಪದ ಸತ್ಯ, ಬರೆದರೆ ತಪ್ಪಿಲ್ಲ. ಬಾಗಿಲಿರುವ ತೂಬಿಗೆ ಅದು ಸುಳ್ಳು. ಕಾರ್ಡಿನ ಊಟ ಆರಿಸಲಾಗದಿದ್ದರೆ ಏನಾಗುತ್ತದೆ ಅಂತ ತಿಳಿಯಲು ನಾನು ತೆತ್ತ ಬೆಲೆ ಹೇಳುತ್ತೇನೆ ಕೇಳು.

ಬಹಳ ವರ್ಷದ ಹಿಂದಿನ ಮಾತು. ಹೊಲದ ಪಂಪ್‌ಸೆಟ್ಟು ಎಷ್ಟು ಹೊತ್ತು ಓಡಿತು ಅಂತ ಲೆಕ್ಕ ಬರೆದಿಡುವ ಪೆಟ್ಟಿಗೆಯೊಂದನ್ನು ನಾವು ಮಾಡಿದ್ದೆವು. ಸಾಫ್ಟ್‌ವೇರ್ ಪೂರ್ತಿ ಮೆಮೊರಿ ಕಾರ್ಡಿನ ಮೇಲೆ. ಮೊದಲ ಡಿಸೈನಿನಲ್ಲಿ ಕಾರ್ಡಿಗೆ ಲೋಡ್ ಸ್ವಿಚ್ಚು ಇತ್ತು. ನಾಲ್ಕು ಕಾಸು ಉಳಿಯುತ್ತದಲ್ಲ ಅಂತ ಅದನ್ನು ತೆಗೆಸಿದವನು ನಾನೇ. ಡಿವೈಸ್ ಟ್ರೀಯಲ್ಲಿ ಹಳೆಯ ನೋಡ್ ಹಾಗೇ ಉಳಿಯಿತು. ಆಲ್ವೇಸ್-ಆನ್ ಅಂತ ಸೇರಿಸಿ, ಯುಎಚ್‌ಎಸ್ ವೇಗಗಳನ್ನೂ ಹಾಗೇ ಬಿಟ್ಟೆ. ಲ್ಯಾಬಿನಲ್ಲಿ ಎಲ್ಲ ಸೊಗಸು. ನಮ್ಮ ಲ್ಯಾಬಿನ ಕಾರ್ಡುಗಳು ಹಳೆಯವು, ಯುಎಚ್‌ಎಸ್ ಅರಿಯದವು. ಅದೂ ಅಲ್ಲದೆ ನಾವು ಬೋರ್ಡು ಮತ್ತೆ ಶುರುಮಾಡುತ್ತಿದ್ದದ್ದು ಗೋಡೆಯ ಪ್ಲಗ್ ಕಿತ್ತು ಹಾಕಿ.

ಬಳ್ಳಾರಿ ಕಡೆ ನಲವತ್ತು ಪೆಟ್ಟಿಗೆ ಕಂಬ ಏರಿದವು, ಹೊಸದಾಗಿ ಕೊಂಡ ಕಾರ್ಡುಗಳೊಂದಿಗೆ. ಕೆಲವು ತಿಂಗಳ ಮೇಲೆ ಬೆಂಗಳೂರಿನಲ್ಲಿ ಕೂತು ಒಂದು ಅಪ್‌ಡೇಟ್ ಕಳಿಸಿ, ರೀಬೂಟ್ ಅಂದೆವು. ನಲವತ್ತೂ ಮೌನ. ಮೇ ತಿಂಗಳ ಬಿಸಿಲಿನಲ್ಲಿ ಬಸ್ಸು ಹತ್ತಿ ಹೋಗಿ, ಒಂದೊಂದು ಕಂಬಕ್ಕೂ ಏಣಿ ಇಟ್ಟು, ಫ್ಯೂಸ್ ಕಿತ್ತು ಮತ್ತೆ ಹಾಕಿದೆವು. ಹಾಕಿದ ಕೂಡಲೇ ಎಲ್ಲವೂ ಏನೂ ಆಗಿಲ್ಲ ಅನ್ನುವಂತೆ ಎದ್ದು ಕೂತವು. ಅಲ್ಲಿಯ ರೈತನೊಬ್ಬ ಕೆಳಗೆ ನಿಂತು, "ಇಷ್ಟಕ್ಕ ಬೆಂಗಳೂರಿಂದ ಬಂದ್ರೇನ್ರಿ?" ಅಂದ. ಏಣಿಯ ಮೇಲೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಆದದ್ದು ಇಷ್ಟು. ಕಾರ್ಡು ಮಾತನ್ನು 1.8ಕ್ಕೆ ಇಳಿಸಲು ಒಂದು ಶಾಸ್ತ್ರ ಇದೆ. ಪ್ರೊಸೆಸರ್ 11ನೇ ಕಮಾಂಡು ಕಳಿಸುತ್ತದೆ. ಕಾರ್ಡು ಒಪ್ಪಿ ಕಮಾಂಡು, ಡೇಟಾ ತಂತಿಗಳನ್ನು ಕೆಳಗಿಳಿಸಿ ಸುಮ್ಮನಾಗುತ್ತದೆ. ಪ್ರೊಸೆಸರ್ ಕ್ಲಾಕು ನಿಲ್ಲಿಸಿ, 5 ಮಿಲಿಸೆಕೆಂಡು ಕಾದು, ಅಷ್ಟರೊಳಗೆ ತನ್ನ ವಿಕ್ಯೂಎಂಎಂಸಿಯನ್ನು 1.8ರಲ್ಲಿ ನೆಲೆಗೊಳಿಸಿ, ಮತ್ತೆ ಕ್ಲಾಕು ಬಿಡುತ್ತದೆ. ಕಾರ್ಡು ತಂತಿಗಳನ್ನು ಮೇಲೆತ್ತಿದರೆ ಒಪ್ಪಂದ ಆಯಿತು. ಒಮ್ಮೆ ಹೀಗೆ ಇಳಿದ ಕಾರ್ಡು ಮತ್ತೆ 3.3ರ ಮಾತಿಗೆ ಏರುವ ದಾರಿ ಒಂದೇ, ಊಟ ತಪ್ಪಿಸುವುದು. ರೀಸೆಟ್ ಕಮಾಂಡಿಗೂ ಅದು ಜಗ್ಗುವುದಿಲ್ಲ. ಊಟದ ವೋಲ್ಟೇಜು 0.5ಕ್ಕಿಂತ ಕೆಳಗಿಳಿದು ಕನಿಷ್ಠ 1 ಮಿಲಿಸೆಕೆಂಡು ಅಲ್ಲೇ ಇರಬೇಕು. ನಮ್ಮ ಪೆಟ್ಟಿಗೆಯಲ್ಲಿ ರೀಬೂಟ್ ಅಂದಾಗ ಪ್ರೊಸೆಸರ್ ಮರುಹುಟ್ಟು ಪಡೆದು 3.3ರಲ್ಲಿ ಕೂಗಿತು. ಕಾರ್ಡು ಹಿಂದಿನ ಜನ್ಮದ 1.8ರಲ್ಲೇ ಕೂತಿತ್ತು. ಒಬ್ಬರ ಮಾತು ಒಬ್ಬರಿಗೆ ಹತ್ತಲಿಲ್ಲ.

ಆಲ್ವೇಸ್-ಆನ್ ಅನ್ನುವ ಸುಳ್ಳು ಕೆಲಸ ಕೆಡಿಸುವುದೂ ಹೀಗೆಯೇ. ಮಾತು ಇಳಿಸುವ ಶಾಸ್ತ್ರ ತಪ್ಪಿದರೆ ಲಿನಕ್ಸ್ ತಾನೇ ಕಾರ್ಡಿನ ಊಟ ಕಿತ್ತು, ಮತ್ತೆ ಕೊಟ್ಟು, ಹೊಸದಾಗಿ ಪ್ರಯತ್ನಿಸುತ್ತದೆ. ನೀನು ಆಲ್ವೇಸ್-ಆನ್ ಬರೆದಿದ್ದರೆ "ಆರಿಸು" ಅನ್ನುವ ಮಾತು ಲೆಕ್ಕದ ಪುಸ್ತಕದಲ್ಲಿ ಬಿದ್ದಿರುತ್ತದೆ, ತಂತಿಯಲ್ಲಿ 3.3 ಹರಿಯುತ್ತಲೇ ಇರುತ್ತದೆ. ಆರಿದೆ ಅಂತ ಕರ್ನಲ್ ನಂಬಿರುತ್ತದೆ. ಸ್ವಿಚ್ಚು ಇದ್ದೂ ಇಲ್ಲದಂತಾಯಿತು.

ಸ್ವಿಚ್ಚು ಇದ್ದು, ಪಹಣಿ ಸರಿಯಿದ್ದರೂ ಇನ್ನೊಂದು ಬಲೆ ಇದೆ. ತೂಬು ಕಟ್ಟಿದ ಮೇಲೂ ಕಾಲುವೆಯಲ್ಲಿ ನಿಂತ ನೀರು ಇರುತ್ತದಲ್ಲ, ಹಾಗೆ. ಸ್ಲಾಟಿನ ಪಕ್ಕ ಕೂರಿಸಿದ ಕೆಪಾಸಿಟರ್ ತುಂಬಿಕೊಂಡೇ ಇರುತ್ತದೆ. ಲೆಕ್ಕ ಮಾಡು. 10 ಮೈಕ್ರೊಫ್ಯಾರಡ್ ಕೆಪಾಸಿಟರಿಗೆ 1 ಕಿಲೋಓಮಿನ ರೆಸಿಸ್ಟರ್ ಬರಿದಾಗಿಸುವ ದಾರಿಯಾದರೆ, 3.3ರಿಂದ 0.5ಕ್ಕೆ ಇಳಿಯಲು ಸುಮಾರು 19 ಮಿಲಿಸೆಕೆಂಡು ಬೇಕು. ಅದೇ 100 ಮೈಕ್ರೊಫ್ಯಾರಡ್ ಆದರೆ 190. ರೆಸಿಸ್ಟರೇ ಇಲ್ಲದಿದ್ದರೆ ಎಷ್ಟು ಹೊತ್ತೋ ದೇವರೇ ಬಲ್ಲ. ಅಷ್ಟರಲ್ಲಿ ಕರ್ನಲ್ ಮತ್ತೆ ತೂಬು ಎತ್ತಿರುತ್ತದೆ, ಕಾರ್ಡಿಗೆ ಊಟ ತಪ್ಪಿದ್ದೇ ಗೊತ್ತಾಗಿರುವುದಿಲ್ಲ. ಆರಿದಾಗ ತಾನೇ ಒಳಗಿಂದ ಬರಿದು ಮಾಡುವ ಲೋಡ್ ಸ್ವಿಚ್ಚುಗಳು ಸಿಗುತ್ತವೆ, ಹಾರ್ಡ್‌ವೇರಿನವರಿಗೆ ಅದನ್ನೇ ಹಾಕಲು ಹೇಳು. ಡಿವೈಸ್ ಟ್ರೀಯಲ್ಲಿ 'ಆಫ್-ಆನ್-ಡಿಲೇ-ಯುಎಸ್' ಬರೆದು, ಆರಿಸಿ ಹಚ್ಚುವ ನಡುವೆ ಇಷ್ಟು ಮೈಕ್ರೊಸೆಕೆಂಡು ಕಾಯಿ ಅಂತಲೂ ಹೇಳಬಹುದು.

ಪುಲ್-ಅಪ್ ರೆಸಿಸ್ಟರುಗಳನ್ನೂ ಒಮ್ಮೆ ನೋಡು. ಡೇಟಾ ತಂತಿಗಳ ಪುಲ್-ಅಪ್ ಎಂದೂ ಆರದ 3.3ಕ್ಕೆ ಕಟ್ಟಿದ್ದರೆ, ಮುಖ್ಯ ಬಾಗಿಲು ಮುಚ್ಚಿದರೂ ಆ ತಂತಿಗಳ ಮೂಲಕ ಕಾರ್ಡಿನೊಳಗೆ ಕರೆಂಟು ಜಿನುಗುತ್ತದೆ. ಊಟದ ವೋಲ್ಟೇಜು 0.5ಕ್ಕೆ ಇಳಿಯದೆ ನಡುವೆ ತೂಗಾಡುತ್ತದೆ. ಇದು ಕೋಡಿನಲ್ಲಿ ಕಾಣುವುದಿಲ್ಲ, ಸ್ಕೋಪಿನಲ್ಲಿ ಕಾಣುತ್ತದೆ.

ಕಾರ್ಡಿನಿಂದಲೇ ಬೂಟ್ ಆಗುವ ಬೋರ್ಡಿಗೆ ಇನ್ನೂ ಒಂದು ಎಚ್ಚರ. ರೀಸೆಟ್ ಆದ ಗಳಿಗೆ ಕರ್ನಲ್ ಇರುವುದಿಲ್ಲ, ನಿನ್ನ ಡಿವೈಸ್ ಟ್ರೀಯೂ ಇರುವುದಿಲ್ಲ. ಆಗ ಕಾರ್ಡಿನ ಊಟ ಒಮ್ಮೆ ತಪ್ಪಿ ಮತ್ತೆ ಬರುವಂತೆ ರೀಸೆಟ್ ತಂತಿಯೇ ಆ ಸ್ವಿಚ್ಚನ್ನು ಎಳೆಯಬೇಕು. ಅದನ್ನು ಬೋರ್ಡಿನಲ್ಲೇ ಮಾಡಿರಬೇಕು. ಮಾಡಿಲ್ಲ, ಮಾಡುವ ಹಾಗೂ ಇಲ್ಲ ಅಂದರೆ ಧೈರ್ಯವಾಗಿ 'ನೋ-1-8-ವಿ' ಅಂತ ಬರೆ, ಯುಎಚ್‌ಎಸ್ ಸಾಲುಗಳನ್ನು ಅಳಿಸು. ಸೆಕೆಂಡಿಗೆ 25 ಮೆಗಾಬೈಟಿಗೆ ತೃಪ್ತಿಪಡು. ಕಂಬದ ಮೇಲಿನ ಪೆಟ್ಟಿಗೆಗೆ 104 ಯಾಕೆ ಬೇಕಿತ್ತು ಅಂತ ನಾನು ಏಣಿ ಇಳಿದ ಮೇಲೆ ಯೋಚಿಸಿದೆ. ನೀನು ಏಣಿ ಹತ್ತುವ ಮೊದಲೇ ಯೋಚಿಸು.

ವಿಕ್ಯೂಎಂಎಂಸಿಯನ್ನು ಚೆನ್ನಾಗಿ ಬರೆದ ಒಂದು ಮಾದರಿ ನೋಡಬೇಕಾದರೆ ರಾಸ್‌ಬೆರಿ ಪೈ 4ರ ಫೈಲು ತೆರೆ. ಅಲ್ಲಿ ಊಟಕ್ಕೆ ಜಿಪಿಐಒ ಇರುವ ಒಂದು ಫಿಕ್ಸೆಡ್ ರೆಗ್ಯುಲೇಟರ್, ಮಾತಿಗೆ 'ರೆಗ್ಯುಲೇಟರ್-ಜಿಪಿಐಒ' ಬಗೆಯ ಇನ್ನೊಂದು. ಆ ಎರಡನೆಯದಕ್ಕೆ ಸ್ಥಿತಿ ಎರಡೇ: ಪಿನ್ನು ಮೇಲಿದ್ದರೆ 1.8, ಕೆಳಗಿದ್ದರೆ 3.3. ನೆಲೆಗೊಳ್ಳಲು 5000 ಮೈಕ್ರೊಸೆಕೆಂಡು ಅಂತಲೂ ಬರೆದಿದ್ದಾರೆ. ಆ 5 ಮಿಲಿಸೆಕೆಂಡು ಎಲ್ಲಿಂದ ಬಂತು ಅಂತ ಈಗ ನಿನಗೆ ಗೊತ್ತು. ನೋಡು, ಕಲಿ, ಆದರೆ ಹಾಗೇ ಅಂಟಿಸಬೇಡ. ನಿನ್ನ ಬೋರ್ಡಿನಲ್ಲಿ ಪಿನ್ನು ಮೇಲಿದ್ದಾಗ 3.3 ಬರುವುದಾದರೆ ಎರಡೂ ತಲೆಕೆಳಗಾಗುತ್ತವೆ.

ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ ಅಂತ ನಿನ್ನಜ್ಜಿ ಹೇಳುತ್ತಿದ್ದಳಲ್ಲ, ಆ ಗಾದೆಗೆ ತಕ್ಕ ತಪ್ಪೂ ಒಂದಿದೆ. ರೆಗ್ಯುಲೇಟರ್ ಡ್ರೈವರನ್ನು ಮಾಡ್ಯೂಲಾಗಿ ಮಾಡಿ ಕಾರ್ಡಿನ ಮೇಲಿನ ರೂಟ್ ಫೈಲ್‌ಸಿಸ್ಟಮ್ಮಿನಲ್ಲಿ ಇಟ್ಟಿರುತ್ತಾರೆ. ಡ್ರೈವರ್ ಬರುವ ತನಕ ಕಾರ್ಡಿನ ಕಂಟ್ರೋಲರ್ ಕಾಯುತ್ತದೆ, ಕಾರ್ಡು ತೆರೆಯದೆ ಡ್ರೈವರ್ ಬರುವುದಿಲ್ಲ. ರೂಟ್ ಡಿವೈಸಿಗೆ ಕಾಯುತ್ತಿದ್ದೇನೆ ಅನ್ನುವ ಸಾಲಿನಲ್ಲಿ ಬೋರ್ಡು ಬೆಳಗಿನ ತನಕ ನಿಂತಿರುತ್ತದೆ. ಡ್ರೈವರನ್ನು ಕರ್ನಲ್ಲಿನೊಳಗೇ ಸೇರಿಸು, ಇಲ್ಲವೇ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಇಡು.

ತೂಬಿನ ಅಗಲವನ್ನೂ ಮರೆಯಬೇಡ. ವೇಗದ ಮೋಡುಗಳಲ್ಲಿ ಕಾರ್ಡಿಗೆ 200, 400, 600, 800 ಮಿಲಿಆಂಪಿಯರ್ ಅಂತ ಮಿತಿ ಇಡುವ ಪದ್ಧತಿ ಇದೆ. ರೆಗ್ಯುಲೇಟರ್ 300 ಮಾತ್ರ ಕೊಡಬಲ್ಲದಾದರೆ ಓದುವಾಗ ಸರಿ ಕಂಡ ಕಾರ್ಡು ಬರೆಯುವಾಗ ಕುಸಿಯುತ್ತದೆ. ಕಾರ್ಡು ತೂರಿಸಿದ ಕ್ಷಣ ಬೋರ್ಡೇ ರೀಸೆಟ್ ಆದರೆ, ಆ ಖಾಲಿ ಕೆಪಾಸಿಟರುಗಳು ಒಂದೇ ಗುಟುಕಿಗೆ 3.3ರ ಗೆರೆಯನ್ನು ಎಳೆದುಕೊಂಡವು ಅಂತ ತಿಳಿ.

ಕೊನೆಗೆ ಪರೀಕ್ಷೆಯ ಮಾತು. ಡಿಬಗ್‌ಎಫ್‌ಎಸ್ ಮೌಂಟ್ ಮಾಡಿ 'ರೆಗ್ಯುಲೇಟರ್_ಸಮ್ಮರಿ' ಅನ್ನುವ ಫೈಲು ಓದು. ಊರಿನ ತೂಬುಗಳೆಲ್ಲ ಅಲ್ಲಿ ಸಾಲಾಗಿರುತ್ತವೆ: ಯಾವುದರ ಕೆಳಗೆ ಯಾವುದು, ಎಷ್ಟು ಜನ ಬಳಸುತ್ತಿದ್ದಾರೆ, ವೋಲ್ಟೇಜೆಷ್ಟು. ಕಾರ್ಡಿನ ತೂಬಿನ ಮುಂದೆ ಬಳಕೆ ಸೊನ್ನೆ ಅಂತಿದ್ದರೆ ನಿನ್ನ ನಿನ್ನೆಯ ಕಥೆಯೇ. ಎಂಎಂಸಿ0 ಹೆಸರಿನ ಡೈರೆಕ್ಟರಿಯಲ್ಲಿ 'ಐಒಎಸ್' ಅನ್ನುವ ಫೈಲು ಇರುತ್ತದೆ, ಕ್ಲಾಕೆಷ್ಟು, ಮಾತು 3.3ರಲ್ಲೋ 1.8ರಲ್ಲೋ ಎಲ್ಲ ಹೇಳುತ್ತದೆ. ಆದರೆ ಇವೆರಡೂ ಕರ್ನಲ್ ನಂಬಿರುವುದನ್ನು ಹೇಳುತ್ತವೆ, ಅಷ್ಟೇ. ತಂತಿಯಲ್ಲಿ ಏನಿದೆ ಅಂತ ಹೇಳುವುದು ಮಲ್ಟಿಮೀಟರ್. ನಾಲ್ಕನೇ ಪಿನ್ನಿಗೆ ಕಡ್ಡಿ ಇಟ್ಟು ನೋಡು. ಫೈಲು ಹೇಳಿದ್ದೂ ಮೀಟರು ಹೇಳಿದ್ದೂ ಒಂದೇ ಆದರೆ ಪಹಣಿ ಸರಿಯಿದೆ. ಬೇರೆಯಾದರೆ ಮೀಟರನ್ನು ನಂಬು.

ಎಸ್.ಪಿ. ರಸ್ತೆಗೆ ಹೋಗಿ ಐದಾರು ಬಗೆಯ ಕಾರ್ಡು ತಾ. ಹಳೆಯದು, ಹೊಸದು, ಅಗ್ಗದ್ದು, ದುಬಾರಿಯದು. ಒಂದೊಂದನ್ನೂ ಹಾಕಿ, ಪ್ಲಗ್ ಮುಟ್ಟದೆ, ರೀಬೂಟ್ ಕಮಾಂಡಿನಿಂದಲೇ ಇನ್ನೂರು ಸಲ ಎಬ್ಬಿಸು. ಒಂದು ಸಣ್ಣ ಸ್ಕ್ರಿಪ್ಟು ಬರೆದು ರಾತ್ರಿ ಬಿಟ್ಟುಬಂದರೆ ಆಯಿತು. ನನ್ನ ಕಾಲದಲ್ಲಿ ಆ ಒಂದು ರಾತ್ರಿ ಬಿಟ್ಟಿದ್ದರೆ ಬಳ್ಳಾರಿಯ ಬಸ್ಸು ಹತ್ತುತ್ತಿರಲಿಲ್ಲ.

ನಿನ್ನ ಆ ಒಂದು ಸಾಲು ಯಾವುದು ಅಂತ ಇಷ್ಟು ಹೊತ್ತಿಗೆ ತಿಳಿದಿರಬೇಕು. ಸೇರಿಸು. ಸೇರಿಸಿ ಮೂವತ್ತೊಂದನೇ ಸೆಕೆಂಡಿನ ತನಕ ಕಾದು ನೋಡು. ಪಕ್ಕದ ಹುಡುಗನಿಗೂ ಕರೆದು ತೋರಿಸು, ಆದರೆ ಹಂಗಿಸಬೇಡ. ಅವನ ವಯಸ್ಸಿನಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ಮುಂದಿನ ತಿಂಗಳು ಊರಿಗೆ ಬಾ. ತೂಬಿನ ಕಲ್ಲು ಇನ್ನೂ ಗಟ್ಟಿಯಾಗಿದೆ, ಕೂತು ಮಾತಾಡೋಣ.

ನಿನ್ನ
ಚಿಕ್ಕಪ್ಪ